ಹಗ್ಗ ಬಿಟ್ಟ ಪಾಂಡುವಿನ ಮಗಳು

ಹಳದೀಪುರದ ಕಡಲ ಕಡೆಯ ಕೇರಿಗೆ ಹೋಗಿ ಕವಿತಾ ಹರಿಕಂತ್ರ ಅವರ ಮನೆ ಎಲ್ಲಿ ಎಂದು ಕೇಳಿ ನೋಡಿ. "ಯಾವ ಕವಿತಾ?" ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಹಗ್ಗ ಬಿಟ್ಟ ಪಾಂಡುವಿನ ಮಗಳು ಎನ್ನಿ, ಮೂಗು ಸೋರುವ ಮಗುವೂ ಬೆರಳು ಚಾಚಿ ಮನೆ ತೋರಿಸುತ್ತದೆ. ಊರು ಒಬ್ಬನಿಗೆ ಒಂದು ಹೆಸರಿಟ್ಟಿತೆಂದರೆ ಮುಗಿಯಿತು, ಆಧಾರ್ ಕಾರ್ಡಿನಲ್ಲಿ ಏನು ಬರೆದಿದ್ದರೂ ಯಾರೂ ಕೇಳುವುದಿಲ್ಲ.

ಆ ಹೆಸರು ಬಂದದ್ದು ಹೀಗೆ. ಇವರದು ಕೈರಂಪಣಿ, ಅಂದರೆ ದಂಡೆಯ ಮೇಲೆ ನಿಂತು ಎಳೆಯುವ ಬಲೆ. ದೋಣಿಯೊಂದು ಮೀನಿನ ಹಿಂಡನ್ನು ಸುತ್ತುವರಿದು ಬಲೆ ಬಿಟ್ಟು, ಹಗ್ಗದ ಎರಡು ತುದಿಗಳನ್ನು ದಂಡೆಗೆ ತಂದು ಕೊಡುತ್ತದೆ. ಒಂದೊಂದು ತುದಿಗೂ ಹತ್ತು ಹದಿನೈದು ಜನ ಸಾಲಾಗಿ ನಿಲ್ಲುತ್ತಾರೆ. ಕೈ ನೆಟ್ಟಗೆ ಚಾಚಬೇಕು, ಹಿಮ್ಮಡಿಯನ್ನು ಮರಳಿನಲ್ಲಿ ಹೂಳಬೇಕು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಡಬೇಕು. ಕಡಲು ಎಳೆದಷ್ಟೂ ನೀನೂ ಎಳೆ, ಇಷ್ಟೇ ಪಾಠ. ಸಾಲಿನಲ್ಲಿ ಒಬ್ಬ ಕೈ ಸಡಿಲಿಸಿದರೆ ಹಿಂದಿನವರು ಮಗುಚಿ ಬೀಳುತ್ತಾರೆ, ಬಲೆಯ ಅಡಿ ಮೇಲೇಳುತ್ತದೆ, ಮೀನು ಅಡಿಯಿಂದಲೇ ನುಸುಳಿ ನೆಂಟರ ಮನೆಗೆ ಹೊರಟುಬಿಡುತ್ತದೆ.

ಮೂವತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂಗಡೆಯ ದೊಡ್ಡ ಹಿಂಡು ಬಲೆಯೊಳಗೆ ಬಂದಿತ್ತು. ನೀರಿನ ಸೆಳೆತ ಜೋರಾಗಿತ್ತು. ಆಗ ಇಪ್ಪತ್ತೆಂಟರ ಪಾಂಡು ಸಾಲಿನಲ್ಲಿ ನಾಲ್ಕನೆಯವನು. ಹಗ್ಗ ಬಿಟ್ಟ! ಹಿಂಡಿಗೆ ಹಿಂಡೇ ಹೋಯಿತು. ಅವನ ಹಿಂದೆ ನಿಂತಿದ್ದ ತಿಮ್ಮಪ್ಪ ಮಾತ್ರ ಬಿಡಲಿಲ್ಲ. ಓಡುವ ಹಗ್ಗ ಅವನ ಎರಡು ಬೆರಳುಗಳನ್ನು ತೆಗೆದುಕೊಂಡು ಹೋಯಿತು. ಅಂದಿನಿಂದ ಕೇರಿಯಲ್ಲಿ ಎರಡು ಹೆಸರು: ಹಗ್ಗ ಬಿಟ್ಟ ಪಾಂಡು, ಹಗ್ಗ ಬಿಡದ ತಿಮ್ಮಪ್ಪ. ಶ್ರಾವಣದ ನೂಲಹುಣ್ಣಿಮೆಯ ದಿನ ಸಮುದ್ರಪೂಜೆಯಲ್ಲಿ ಮೊದಲ ತೆಂಗಿನಕಾಯಿ ನೀರಿಗೆ ಬೀಳುವುದು ಇಂದಿಗೂ ತಿಮ್ಮಪ್ಪನ ಮೂರು ಬೆರಳಿನ ಕೈಯಿಂದ. ಪಾಂಡು ಹಿಂದೆ ಎಲ್ಲೋ ಹೆಂಗಸರ ನಡುವೆ ನಿಂತು ಕೈ ಮುಗಿಯುತ್ತಾನೆ.

ಕವಿತಾ ಹುಟ್ಟುವ ಮೊದಲೇ ಹುಟ್ಟಿದ ಹೆಸರಿದು, ಅವಳಿಗೇನು ಸಂಬಂಧ ಎನ್ನುತ್ತೀರಾ? ಶಾಲೆಯ ಹಗ್ಗಜಗ್ಗಾಟದಲ್ಲಿ ಹುಡುಗಿಯರು ಅವಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. "ಅವಳು ಬೇಡ್ವೇ ಬೇಡ, ಬಿಟ್ಟುಹಾಕ್ತಾಳೆ" ಎನ್ನುತ್ತಿದ್ದರು. ಒಮ್ಮೆ ಮೇಷ್ಟರು ಗದರಿ ಸೇರಿಸಿದಾಗ ಅವಳು ಅಂಗೈಯ ಚರ್ಮ ಸುಲಿದು ಬರುವವರೆಗೆ ಎಳೆದಳು. ಆಟ ಮುಗಿದ ಮೇಲೂ ಬಿಡಲಿಲ್ಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆ ಹಠ ಮೈಯೊಳಗೆ ಹಾಗೇ ಉಳಿಯಿತು.

ದೊಡ್ಡವಳಾದ ಮೇಲೆ ಅವಳು ಹೊನ್ನಾವರದ ಪೇಟೆಗೆ ಮೀನು ಒಯ್ಯತೊಡಗಿದಳು. ಪೇಟೆಯ ಹಿಂದೆ ಒಂದು ಹಳೆಯ ಹಂಚಿನ ಗೋದಾಮು. ಅದರೊಳಗಿನಿಂದ ದಿನಾ ಸಂಜೆ ಯಾರೋ ದೊಪ್ಪೆಂದು ಬೀಳುವ ಸದ್ದು. ಏನು ಕರ್ಮವಿದು ಎಂದು ಒಂದು ದಿನ ಇಣುಕಿದಳು. ಒಳಗೆ ಚಾಪೆಯಂಥ ದಪ್ಪ ಹಾಸು, ಅದರ ಮೇಲೆ ಬಿಳಿ ಅಂಗಿ ತೊಟ್ಟ ಗಂಡಸರು ಹೆಂಗಸರು ಒಬ್ಬರನ್ನೊಬ್ಬರು ಕೆಡವಿ ಹೊರಳಾಡುತ್ತಿದ್ದರು. ಹತ್ತು ವರ್ಷ ಗೋವಾದಲ್ಲಿದ್ದು ಬ್ರೆಜಿಲಿಯನ್ ಜಿಯು-ಜಿತ್ಸು ಕಲಿತು ಬಂದಿದ್ದ ಸುದರ್ಶನ ಅಲ್ಲಿ ಕಲಿಸುತ್ತಿದ್ದ. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತವಳನ್ನು ನೋಡಿ, "ಬಾ, ನನ್ನ ತೋಳು ಹಿಡಿದು ಎಳಿ ನೋಡ್ವಾ" ಎಂದ. ಎಳೆದಳು. ಅವನು ಮೂರು ಹೆಜ್ಜೆ ಮುಗ್ಗರಿಸಿದ. "ಅಬ್ಬಬ್ಬಾ! ಉಡದ ಹಿಡಿತ ಮಾರಾಯ್ತಿ ನಿಂದು" ಎಂದು ನಕ್ಕ. ಹಿಡಿತಕ್ಕೆ ಯಾರಾದರೂ ಅವಳನ್ನು ಹೊಗಳಿದ್ದು ಅದೇ ಮೊದಲು. ಮರುದಿನವೇ ಸೇರಿಕೊಂಡಳು.

ಈ ಆಟದಲ್ಲಿ ಆರ್ಮ್‌ಬಾರ್ ಎಂಬುದೊಂದಿದೆ. ಎದುರಾಳಿ ನಿಮ್ಮ ಒಂದು ತೋಳನ್ನು ತನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಮಣಿಕಟ್ಟನ್ನು ಎದೆಗೆ ಅವುಚಿ, ಕಾಲುಗಳಿಂದ ನಿಮ್ಮ ಎದೆ ಕುತ್ತಿಗೆಯನ್ನು ಒತ್ತಿ, ಸೊಂಟ ಮೇಲೆತ್ತುತ್ತಾಳೆ. ಕಬ್ಬು ಮುರಿಯುವಾಗ ಮೊಣಕಾಲಿಗೆ ಒತ್ತುತ್ತೇವಲ್ಲ, ಅದೇ ಲೆಕ್ಕ, ಇಲ್ಲಿ ಕಬ್ಬಿನ ಜಾಗದಲ್ಲಿ ನಿಮ್ಮ ಮೊಣಕೈ. ಸಿಕ್ಕಿಬಿದ್ದವರು ಎದುರಾಳಿಯ ಮೈಯನ್ನೋ ನೆಲವನ್ನೋ ಎರಡು ಸಲ ತಟ್ಟಿದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಸೋತಿರಿ, ಆದರೆ ಕೈ ಉಳಿಯಿತು.

ಎರಡು ವರ್ಷದ ಹಿಂದೆ ಭಟ್ಕಳದ ಪಂದ್ಯದಲ್ಲಿ ಕತಗಾಲದ ಗಾಯತ್ರಿ ಹೆಗಡೆ ಎಂಬ ಹುಡುಗಿ ಕವಿತಾಳ ಬಲಗೈಯನ್ನು ಹೀಗೆ ಹಿಡಿದಳು. ಕವಿತಾ ಏನು ಮಾಡಿದಳು? ಹಿಮ್ಮಡಿ ಊರಿದಳು, ಕೈ ನೆಟ್ಟಗೆ ಮಾಡಿದಳು, ಮೈಯನ್ನು ಹಿಂದಕ್ಕೆ ಬಿಟ್ಟು ಎಳೆದಳು. ಕಡಲಿಗೆ ಮಾಡುವುದನ್ನೇ ಗಾಯತ್ರಿಗೆ ಮಾಡಿದಳು. ಅಯ್ಯೋ ದೇವರೇ, ಆರ್ಮ್‌ಬಾರ್ ಹಾಕಿದವಳಿಗೆ ಬೇಕಾದದ್ದೇ ಅದು, ನೆಟ್ಟಗಾದ ಕೈ. ಇವಳು ತಾನಾಗಿಯೇ ಬಾಳೆಯೆಲೆ ಹಾಸಿ ಬಡಿಸಿದ ಹಾಗಾಯಿತು. "ತಟ್ಟು! ತಟ್ಟು!" ಎಂದು ಸುದರ್ಶನ ಕಿರುಚಿದ. ಪಾಂಡುವಿನ ಮಗಳು ತಟ್ಟಲಿಲ್ಲ. ರೆಫ್ರಿ ಬಗ್ಗುವಷ್ಟರಲ್ಲಿ ಹಸಿ ಕಟ್ಟಿಗೆ ಮುರಿದ ಸದ್ದು ಬಂತು.

ಏಳು ತಿಂಗಳು ಅವಳು ಬುಟ್ಟಿ ಹೊರಲಿಲ್ಲ. ಅವಳ ತಲೆ ಬಾಚುತ್ತಿದ್ದುದೂ ಆಯಿಯೇ, ಅವಳ ತಾಯಿ. ಮೂಳೆ ಕೂಡಿತು, ತೋಳು ಮತ್ತೆ ಪೂರ್ತಿ ಚಾಚುವಂತಾಯಿತು, ಆದರೆ ಡಾಕ್ಟರು ಒಂದು ಮಾತು ಹೇಳಿ ಕಳಿಸಿದರು: "ಇನ್ನೊಂದು ಸಲ ಹೋದ್ರೆ ಈ ಕೈ ಊಟಕ್ಕೆ ಬರ್ತದೆ, ಕೆಲಸಕ್ಕೆ ಬರೂದಿಲ್ಲ."

ಅವಳು ಪಂದ್ಯದ ಗೊಡವೆಗೇ ಹೋಗುತ್ತಿರಲಿಲ್ಲವೇನೋ. ಆದರೆ ಈ ವರ್ಷ ಮಳೆಗಾಲ ಶುರುವಾಗುವಾಗ ಪಾಂಡು, "ನನ್ನ ಸೊಂಟ ಸಾಕು ಅಂತದೆ, ಇನ್ನು ಹಗ್ಗಕ್ಕೆ ನಾ ಬರೂದಿಲ್ಲ" ಎಂದುಬಿಟ್ಟ. ಸಾಲಿನಲ್ಲಿ ಒಬ್ಬನ ಜಾಗ ಖಾಲಿಯಾದರೆ ಅದು ಅವನ ಮಗನಿಗೆ. ಪಾಂಡುವಿಗೆ ಮಗನಿಲ್ಲ. ಹೆಂಗಸರು ಹಗ್ಗದ ಬಾಲದಲ್ಲಿ ನಿಂತು ಕೈ ಹಚ್ಚುವುದಿತ್ತೇ ಹೊರತು ಸಾಲಿನಲ್ಲಿ ತಮ್ಮದೇ ಜಾಗ ಎಂದು ಹೊಂದಿದ್ದು ಇಲ್ಲ. ಕವಿತಾ ನೇರವಾಗಿ ತಾಂಡೇಲ ನಾಗಪತಿಯ ಮನೆಗೇ ಹೋದಳು. ಬಲೆಯ ಯಜಮಾನಿಕೆ ಅವನದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ಅವನೇ.

"ಅಪ್ಪನ ಜಾಗ ನಂಗೆ ಬೇಕು, ತಾಂಡೇಲರೇ."

ನಾಗಪತಿ ಎಲೆಗೆ ಸುಣ್ಣ ಹಚ್ಚುತ್ತ ಅವಳ ತೋಳನ್ನೇ ನೋಡಿದ. "ಗಂಡುಹುಡ್ಗ್ರೆಲ್ಲಾ ಟ್ರಾಲರ್ ಬೋಟಿಗೆ ಓಡಿ ಹೋಗಿದ್ದಾರೆ. ಹೆಣ್ಣು ಅಂತ ನಾ ಬೇಡ ಹೇಳೂದಿಲ್ಲ. ಆದ್ರೆ ಅದು ಮುರಿದ ಕೈ. ನಾಕನೇ ಜಾಗದಲ್ಲಿ ಮುರಿದ ಕೈ ನಿಲ್ಸಿ, ಹಿಂದಿನ ಹತ್ತು ಜನ್ರನ್ನ ಬೀಳ್ಸೂದಾ? ನೂಲಹುಣ್ಣಿಮೆ ಕಳೀಲಿ. ಕೈ ಗಟ್ಟಿ ಇದ್ರೆ ನೋಡ್ವಾ."

ಕೈ ಗಟ್ಟಿ ಇತ್ತು. ಗಟ್ಟಿ ಇಲ್ಲದ್ದು ಅವಳ ಧೈರ್ಯ, ಅದು ಅವಳಿಗೊಬ್ಬಳಿಗೇ ಗೊತ್ತು. ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಲ್ಲ, ಹಾಗೆ ಬಾವಿಯ ಹಗ್ಗ ತುಸು ಜಗ್ಗಿದರೂ ಬಲಗೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಒಮ್ಮೆ ಕೊಡಪಾನವೇ ಬಾವಿಗೆ ಬಿತ್ತು. ಇದೇ ಹೆದರಿಕೆ ಹೊತ್ತು ಸಾಲಿನಲ್ಲಿ ನಿಂತರೆ ಮೊದಲ ದಿನವೇ ಹಗ್ಗ ಬಿಡುತ್ತೇನೆ ಎಂದು ಅವಳಿಗೆ ಖಾತ್ರಿಯಾಯಿತು. ಅಪ್ಪನ ಹೆಸರಿನ ಪಕ್ಕದಲ್ಲಿ ತನ್ನದೂ ಒಂದು! ಕೈ ಯಾವ ಆಟದಲ್ಲಿ ಮುರಿದಿತ್ತೋ ಆ ಆಟಕ್ಕೇ ಹೋಗಿ, ಅದೇ ಹಿಡಿತದೊಳಗಿಂದ ಒಮ್ಮೆ ಹೊರಗೆ ಬರದೆ ಈ ಹೆದರಿಕೆ ಬಿಡುವುದಿಲ್ಲ ಎಂದುಕೊಂಡಳು. ಹುಣ್ಣಿಮೆಗೆ ನಾಲ್ಕು ದಿನ ಮೊದಲು ಕುಮಟೆಯಲ್ಲಿ ಪಂದ್ಯವಿತ್ತು. ಹೆಸರು ಕೊಟ್ಟಳು.

"ತಲೆ ಸರಿ ಇದೆಯಾ ನಿಂಗೆ?" ಎಂದ ಸುದರ್ಶನ. ಬೈದ, ಗೊಣಗಿದ, ಕೊನೆಗೆ ಕಲಿಸಲು ಕೂತ. "ಕೇಳು. ಒಂದು: ಮೊಣಕೈ ಮಡಚಿ ಪಕ್ಕೆಲುಬಿಗೆ ಅಂಟಿಸು, ಎರಡೂ ಕೈ ಒಂದಕ್ಕೊಂದು ಗಂಟುಹಾಕು. ಎರಡು: ಅವಳು ಎಳೆದ್ರೆ ನೀ ಹಿಂದೆ ಎಳೀಬೇಡ. ಅವಳ ಮೇಲೆ ಹೋಗು, ಭಾರ ಹಾಕಿ ಮಡಚು. ಸೊಂಟ ಎತ್ತೂಕೆ ಜಾಗ ಇಲ್ದಿದ್ರೆ ಆರ್ಮ್‌ಬಾರ್ ಇಲ್ಲ. ಮೂರು: ಕೈಗಂಟು ಬಿಟ್ಟು ತೋಳು ನೆಟ್ಟಗಾಗೇ ಹೋಯ್ತು ಅಂದ್ರೆ ಹೆಬ್ಬೆರಳು ಕೆಳಗೆ ತಿರುಗಿಸಿ ಆ ಬದಿಗೇ ಹೊರಳು, ಮೊಣಕೈ ತಪ್ಪಿಸ್ಕೊಳ್ತದೆ."

"ನಾಕನೇದು?"

"ತಟ್ಟೂದು. ಅದೂ ರಕ್ಷಣೆಯೇ."

"ಅದು ನಂಗೆ ಬೇಡ" ಎಂದಳು.

ಮೊದಲನೆಯದು ವಾರದಲ್ಲಿ ಬಂತು. ಎರಡನೆಯದು ಬರಲೇ ಇಲ್ಲ. ಸುದರ್ಶನ ತೋಳು ಹಿಡಿದ ಕೂಡಲೇ ಅವಳ ಹಿಮ್ಮಡಿ ಹಾಸಿನಲ್ಲಿ ಊರುತ್ತಿತ್ತು, ಬೆನ್ನು ಹಿಂದಕ್ಕೆ ವಾಲುತ್ತಿತ್ತು. "ಅದು ಹಗ್ಗ ಅಲ್ವೇ! ನಾನು ಕಡಲಲ್ಲ! ಎಷ್ಟು ಸಲ ಹೇಳೂದು?" ಎಂದು ಅವನು ಹಣೆ ಚಚ್ಚಿಕೊಳ್ಳುತ್ತಿದ್ದ. ಚಿಕ್ಕಂದಿನಿಂದ ಮೈಗೆ ಅಂಟಿದ್ದು ಒಂದು ಮಾತಿಗೆ ಬಿಡುತ್ತದೆಯೇ? ಒಂದು ಸಂಜೆ ಮನೆಯ ಜಗಲಿಯಲ್ಲಿ ಇದನ್ನೇ ಹೇಳಿಕೊಂಡು ಅತ್ತಳು. ಪಾಂಡು ಬೀಡಿ ಸೇದುತ್ತ ಕೇಳಿಸಿಕೊಂಡ.

"ದೋಣಿ ಕಡಲಿಗೆ ಇಳ್ಸುವಾಗ ದೊಡ್ಡ ತೆರೆ ಬಂದ್ರೆ ಎಂತ ಮಾಡ್ತ್ರು?"

"ಮೂತಿ ತೆರೆಗೇ ಕೊಟ್ಟು ಒಳಗೆ ಹೋಗೂದು."

"ಹಿಂದೆ ಎಳೆದ್ರೆ?"

"ಅಡ್ಡ ತಿರುಗಿ ಮಗುಚ್ತದೆ."

"ಮತ್ತೆ? ಹಗ್ಗ ಬೇರೆ, ದೋಣಿ ಬೇರೆ. ಅವಳು ಹಿಡಿದಾಗ ನೀ ದೋಣಿ ಅಂತ ತಿಳ್ಕೋ, ಆತು" ಎಂದು ಬೀಡಿ ಹೊಸಕಿ ಎದ್ದುಹೋದ. ಮರುದಿನ ಸುದರ್ಶನ ತೋಳು ಹಿಡಿದಾಗ ಅವಳು ಅವನ ಮೇಲೇ ನುಗ್ಗಿದಳು. ಅವನ ಮೊಣಕಾಲು ಅವನ ಕಿವಿಗೆ ಬಡಿಯಿತು. "ಇದೇ! ಇದೇ ಮಾರಾಯ್ತಿ!" ಎಂದು ಕೆಳಗಿನಿಂದಲೇ ಕೂಗಿದ.

ಪಂದ್ಯದ ಹಿಂದಿನ ದಿನ ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಜಗಲಿಯಲ್ಲಿ ಬಲೆ ಹರಡಿಕೊಂಡು ಅಪ್ಪ ಮಗಳು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ ಅಂದು ಅವಳ ಬಾಯಿಂದ ಬಂತು.

"ಅಪ್ಪಾ, ಆವತ್ತು ಹಗ್ಗ ಎಂತಕ್ಕೆ ಬಿಟ್ಟೆ?"

ಪಾಂಡುವಿನ ಕೈ ನಿಂತಿತು. ಎಲ್ಲಿಯಾದರೂ ಒಂದು ದೊಡ್ಡ ಕಾರಣ ಇದ್ದೀತು ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು. ಯಾರದೋ ಜೀವ ಉಳಿಸಲು ಬಿಟ್ಟಿದ್ದಾನು, ಹೇಳಿಕೊಳ್ಳಲಾರದೆ ಸುಮ್ಮನಿದ್ದಾನು.

"ಕೈ ಉರೀತು. ಬಿಟ್ಟೆ" ಎಂದ ಪಾಂಡು.

"ಅಷ್ಟೇಯಾ?"

"ಅಷ್ಟೇ. ಹಗ್ಗ ಅಂಗೈಯಲ್ಲಿ ಓಡ್ತಾ ಇತ್ತು, ಬೆಂಕಿ ಹಿಡಿದ ಹಾಗೆ. ತಡ್ಕೊಳ್ಳೂಕೆ ಆಗ್ಲಿಲ್ಲ." ಎರಡೂ ಅಂಗೈ ಬಿಡಿಸಿ ತೋರಿಸಿದ. ಹೆಬ್ಬೆರಳ ಬುಡದಿಂದ ಕಿರುಬೆರಳಿನವರೆಗೆ ಹೊಳೆಯುವ ಹಳೆಯ ಕಲೆ. "ಹದಿನೈದು ದಿನ ಬಟ್ಟೆ ಸುತ್ಕೊಂಡಿದ್ದೆ. ಹದಿನಾರನೇ ದಿನ ಮತ್ತೆ ಹೋಗಿ ಎಳೆದೆ. ಮೂವತ್ತು ವರ್ಷ ಎಳೆದೆ. ತಿಮ್ಮಪ್ಪ ಬಿಡ್ಲಿಲ್ಲ, ದೊಡ್ಡ ಮನುಷ್ಯ ಆದ. ಆಮೇಲೆ ಅಂವ ಒಂದು ದಿನವಾದ್ರೂ ಹಗ್ಗ ಮುಟ್ಟಿದ್ದು ನೀ ಕಂಡಿದ್ದೆಯಾ? ಬಲೆಯ ಒಂದು ಕಣ್ಣು ಹೆಣೆದದ್ದು ಕಂಡಿದ್ದೆಯಾ? ಬದುಕಿದ್ರೆ ಬೇಡಿಕೊಂಡಾದ್ರೂ ತಿಂದೇವು, ಮಗಾ."

ಕವಿತಾಳಿಗೆ ಮೈಯೆಲ್ಲ ಉರಿಯಿತು. ಇದಕ್ಕಾ? ಇಷ್ಟಕ್ಕಾ ಶಾಲೆಯಿಂದ ಇಲ್ಲಿಯವರೆಗೆ ತಾನು ತಲೆ ತಗ್ಗಿಸಿದ್ದು? "ನಿಂಗೆ ನಾಚಿಕೆ ಇಲ್ಲ ಅಪ್ಪಾ" ಎಂದು ಹೆಣಿಗೆಯ ದಬ್ಬಣ ಎಸೆದು ಒಳಗೆ ಹೋದಳು. ಆಯಿ ಕರೆದರೂ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ಅಪ್ಪನಿಗೆ ಹೇಳದೆ ಒಬ್ಬಳೇ ಹೆದ್ದಾರಿಗೆ ನಡೆದು ಕುಮಟೆಯ ಬಸ್ಸು ಹತ್ತಿದಳು.

ಪಂದ್ಯ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಮಾವಿನ ತೋರಣ ಇನ್ನೂ ಬಾಗಿಲಲ್ಲಿ ಜೋತಾಡುತ್ತಿತ್ತು. ಅವಳ ತೂಕದವರು ನಾಲ್ಕೇ ಜನ. ಮೊದಲ ಆಟದಲ್ಲಿ ಮುರ್ಡೇಶ್ವರದ ಹುಡುಗಿಯನ್ನು ಎರಡು ನಿಮಿಷದಲ್ಲಿ ಮುಗಿಸಿದಳು. ಫೈನಲ್‌ನಲ್ಲಿ ಎದುರು ನಿಂತವಳು ಯಾರೆಂದು ಹೇಳಬೇಕೇ? ಗಾಯತ್ರಿ. ಭಟ್ಕಳದ ಪಂದ್ಯವಾದ ವಾರಕ್ಕೇ ಅವಳು ಹಳದೀಪುರಕ್ಕೆ ನೋಡಲು ಬಂದಿದ್ದಳು, ಕೈಯಲ್ಲಿ ಹಣ್ಣಿನ ಚೀಲ. ಕವಿತಾ ಗೋಡೆ ಕಡೆ ತಿರುಗಿ ಮಲಗಿ ಮಾತೇ ಆಡಿರಲಿಲ್ಲ. ಈಗ ಕೈಕುಲುಕುವಾಗ ಗಾಯತ್ರಿಯ ಅಂಗೈ ತಣ್ಣಗಿತ್ತು.

ಹಾಸಿನ ಮೇಲೆ ಮಂಡಿಯೂರುವ ಮುನ್ನ ಕವಿತಾ ಒಮ್ಮೆ ಜನರತ್ತ ನೋಡಿದಳು. ಮೂರನೆಯ ಸಾಲಿನಲ್ಲಿ ನೆನೆದ ಕೊಡೆ ತೊಡೆಯ ಮೇಲಿಟ್ಟುಕೊಂಡು ತಾಂಡೇಲ ನಾಗಪತಿ ಕೂತಿದ್ದ. ಅವನ ಪಕ್ಕದಲ್ಲಿ ಪಾಂಡು. ಯಾರು ಕರೆದರು ಇವರನ್ನು? ಇನ್ನು ಇಲ್ಲಿ ಏನಾದರೂ ಆದರೆ ತಾಂಡೇಲ ಹುಣ್ಣಿಮೆಯವರೆಗೆ ಕಾಯಬೇಕಿಲ್ಲ, ಕಣ್ಣಾರೆ ನೋಡಿ ಇಲ್ಲೇ ತೀರ್ಮಾನ ಮಾಡುತ್ತಾನೆ.

ಐದು ನಿಮಿಷದ ಆಟ. ಒಂದು ನಿಮಿಷವೂ ಆಗಿರಲಿಲ್ಲ, ಗಾಯತ್ರಿ ಅಂಗಾತ ಬಿದ್ದು ಕವಿತಾಳನ್ನು ಕಾಲುಗಳ ನಡುವೆ ಎಳೆದುಕೊಂಡಳು. ಸೊಂಟ ತಿರುಗಿತು, ಒಂದು ಕಾಲು ಬೆನ್ನಿನ ಮೇಲೆ, ಇನ್ನೊಂದು ಮುಖದ ಎದುರಿಗೆ. ಬಲಗೈ ಒಳಗೆ ಸಿಕ್ಕಿತ್ತು. ಕವಿತಾಳ ಹಿಮ್ಮಡಿ ತಾನಾಗಿಯೇ ಊರಿತು, ಬೆನ್ನು ಹಿಂದೆ ವಾಲಿತು, ಮೊಣಕೈ ಅರ್ಧ ನೆಟ್ಟಗಾಯಿತು. ಎರಡು ವರ್ಷದ ಹಿಂದಿನ ಸದ್ದು ಅವಳ ಕಿವಿಯೊಳಗೇ ಕೇಳಿಸಿತು.

"ದೋಣಿ!" ಎಂದು ಮೂರನೆಯ ಸಾಲಿನಿಂದ ಯಾರೋ ಕೂಗಿದರು. ಇಡೀ ಮಂಟಪಕ್ಕೆ ಅರ್ಥವಾಗದ ಆ ಮಾತು ಅವಳೊಬ್ಬಳಿಗೆ ಅರ್ಥವಾಯಿತು. ಮೊಣಕೈ ಮಡಚಿದಳು, ಪಕ್ಕೆಗೆ ಅಂಟಿಸಿದಳು, ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದಳು. ಹಲ್ಲು ಕಚ್ಚಿ ಮುಂದಕ್ಕೇ ನುಗ್ಗಿದಳು. ಗಾಯತ್ರಿಯ ಮೊಣಕಾಲುಗಳು ಅವಳ ಮುಖದ ಹತ್ತಿರ ಬಂದವು, ಸೊಂಟಕ್ಕೆ ಏಳಲು ಜಾಗವೇ ಉಳಿಯಲಿಲ್ಲ. ಮೊಣಕೈ ತೊಡೆಗಳ ಸಂದಿನಿಂದ ಜಾರಿ ಹೊರಬಂತು. ಬಂತು! ಅವಳು ಕಾಲುಗಳನ್ನು ದಾಟಿ ಪಕ್ಕಕ್ಕೆ ಹೋಗಿ ಗಾಯತ್ರಿಯ ಎದೆಯ ಮೇಲೆ ಭಾರ ಹಾಕಿ ಕೂತಳು. ಮೂರು ಅಂಕ. ಸುದರ್ಶನ ಟವೆಲ್ ಎಸೆದು ಕುಣಿಯುತ್ತಿದ್ದ. ಕವಿತಾಳಿಗೆ ಅಂಕ ಕಾಣಲಿಲ್ಲ, ತನ್ನ ಬಲಗೈ ಮಾತ್ರ ಕಂಡಿತು. ಇದೆ, ಇನ್ನೂ ಇದೆ. ಎರಡು ವರ್ಷದಿಂದ ಹೊಟ್ಟೆಯೊಳಗೆ ಕೂತಿದ್ದ ಹೆದರಿಕೆ ಎದ್ದು ಹೋದದ್ದು ಅವಳಿಗೆ ತಿಳಿಯಿತು.

ಅಲ್ಲಿಗೇ ಆಟ ಮುಗಿದಿದ್ದರೆ ಚೆನ್ನಾಗಿತ್ತು. ಗಡಿಯಾರ ಕೇಳಬೇಕಲ್ಲ. ಮುಂದಿನ ಮೂರು ನಿಮಿಷ ಅವಳು ಹೇಗೋ ಒತ್ತಿ ಹಿಡಿದಳು. ಇನ್ನು ಅರ್ಧ ನಿಮಿಷ ಇದೆ ಎನ್ನುವಾಗ ಗಾಯತ್ರಿ ಒಮ್ಮೆಲೇ ಕಾಲನ್ನು ನಡುವೆ ತೂರಿಸಿ, ಅವಳನ್ನು ಮಗುಚಿ ಅಂಗಾತ ಕೆಡವಿದಳು. ಗಾಯತ್ರಿಗೆ ಎರಡು ಅಂಕ. ಬೀಳುತ್ತಲೇ ಬಲಗೈ ಮತ್ತೆ ಸಿಕ್ಕಿತು. ಈ ಸಲ ಕವಿತಾ ಕೆಳಗೆ, ನುಗ್ಗಲು ಮುಂದೆ ಏನೂ ಇಲ್ಲ. ಎರಡು ಕೈ ಗಂಟುಹಾಕಿದಳು. ಗಾಯತ್ರಿ ಆ ಗಂಟನ್ನು ಬೆರಳು ಬೆರಳಾಗಿ ಸಡಿಲಿಸಿದಳು. ಗಂಟು ಬಿಟ್ಟಿತು. ತೋಳು ನೆಟ್ಟಗಾಯಿತು. ಹೆಬ್ಬೆರಳು ಕೆಳಗೆ ತಿರುಗಿಸಿ ಹೊರಳಲು ನೋಡಿದಳು. ಮುಖದ ಮೇಲಿನ ಕಾಲು ಕಲ್ಲಿನಷ್ಟು ಭಾರವಾಗಿತ್ತು. ಸುದರ್ಶನ ಕಲಿಸಿದ ಒಂದು, ಎರಡು, ಮೂರು, ಎಲ್ಲ ಮುಗಿಯಿತು.

"ಇಪ್ಪತ್ತು ಸೆಕೆಂಡ್!" ಎಂದು ಯಾರೋ ಕೂಗಿದರು. ಅಂಕ ಮೂರಕ್ಕೆ ಎರಡು, ಅವಳೇ ಮುಂದಿದ್ದಾಳೆ. ಇಪ್ಪತ್ತೇ ಸೆಕೆಂಡು ತಡೆದರೆ ಗೆಲುವು. ತಡೆಯುತ್ತೇನೆ. ಬಿಡುವುದಿಲ್ಲ. ಮೊಣಕೈಯೊಳಗೆ ದಾರ ಬಿಗಿದ ಹಾಗೆ ಏನೋ ಬಿಗಿಯಿತು.

ಗಾಯತ್ರಿಯ ಉಸಿರು ಕೇಳಿಸುತ್ತಿತ್ತು, ಅದರ ನಡುವೆ ಸಣ್ಣ ದನಿಯ ಮಾತು. "ತಟ್ಟೇ ಕವಿತಾ. ಇನ್ನು ಎತ್ತಿದ್ರೆ ಹೋಗ್ತು. ಆ ಶಬ್ದ ಮತ್ತೆ ಕೇಳಲೆ ಆಗ್ತಿಲ್ಲೆ ಯಂಗೆ."

ಕಾಲಿನ ಅಂಚಿನಿಂದ ಕವಿತಾಳಿಗೆ ಜನರ ಒಂದು ತುಂಡು ಮಾತ್ರ ಕಾಣುತ್ತಿತ್ತು. ಆ ತುಂಡಿನಲ್ಲಿ ಅಪ್ಪ ಎದ್ದು ನಿಂತಿದ್ದ. ಕೂಗಲಿಲ್ಲ. ಪಕ್ಕದಲ್ಲಿ ತಾಂಡೇಲ ಕೂತಿದ್ದ, ಹಿಂದೆ ಮುಂದೆ ಊರಿನವರು ಇನ್ನೂ ನಾಲ್ಕು ಜನ ಇದ್ದರು. ಅಷ್ಟು ಜನರ ಎದುರು ಹಗ್ಗ ಬಿಟ್ಟ ಪಾಂಡು ತನ್ನ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ, ಹತ್ತೂ ಬೆರಳು ಬಿಡಿಸಿ ಹಿಡಿದಿದ್ದ. ಟ್ಯೂಬ್‌ಲೈಟಿನ ಬೆಳಕಿಗೆ ಆ ಹಳೆಯ ಕಲೆ ಹೊಳೆಯುತ್ತಿತ್ತು. ಮೂವತ್ತು ವರ್ಷ ಯಾವ ಹೆಸರಿಗೆ ತಲೆ ತಗ್ಗಿಸಿ ಬದುಕಿದ್ದನೋ, ಅದನ್ನೇ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ, ಮಗಳಿಗೋಸ್ಕರ.

ಕವಿತಾಳ ಕಣ್ಣು ತುಂಬಿತು. ಎಡಗೈ ಎತ್ತಿ ಗಾಯತ್ರಿಯ ತೊಡೆಯನ್ನು ಎರಡು ಸಲ ತಟ್ಟಿದಳು.

ಗಾಯತ್ರಿ ತಟ್ಟನೆ ಕೈ ಬಿಟ್ಟಳು. ಗೆದ್ದವಳು ಅವಳು, ಅತ್ತವಳೂ ಅವಳೇ. ಕವಿತಾಳನ್ನು ಹಾಸಿನ ಮೇಲೇ ಅಪ್ಪಿಕೊಂಡು, "ಉಳತ್ತು, ಕೈ ಉಳತ್ತು" ಎಂದು ಅವಳ ಮೊಣಕೈಯನ್ನು ಮತ್ತೆ ಮತ್ತೆ ಸವರಿದಳು. ರೆಫ್ರಿ ಗಾಯತ್ರಿಯ ಕೈ ಎತ್ತಿದ. ಕವಿತಾ ತಲೆ ತಗ್ಗಿಸಿಕೊಂಡು ಹೊರಗೆ ಬಂದಾಗ ಬಾಗಿಲಲ್ಲಿ ನಾಗಪತಿ ನಿಂತಿದ್ದ.

"ಕೈ ಕೊಡು" ಎಂದ.

ಕೊಟ್ಟಳು. ದೋಣಿಯ ಹುಟ್ಟು ಕೊಳ್ಳುವ ಮೊದಲು ಬಿರುಕು ಇದೆಯೇ ಎಂದು ನೋಡುವ ಹಾಗೆ ಆ ತಾಂಡೇಲ ಅವಳ ತೋಳನ್ನು ಚಾಚಿಸಿದ, ಮಡಚಿಸಿದ, ಮೊಣಕೈಯ ಸುತ್ತ ಹೆಬ್ಬೆರಳಿಂದ ಒತ್ತಿದ. "ನೋವು ಇದೆಯಾ?"

"ಇಲ್ಲ." ಆಮೇಲೆ ತಡೆಯಲಾರದೆ ಹೇಳಿಯೇಬಿಟ್ಟಳು. "ನಾನು ಬಿಟ್ಟೆ, ತಾಂಡೇಲರೇ. ಎಲ್ರೆದುರಿಗೆ ಬಿಟ್ಟೆ. ಜಾಗ ಕೊಡೂದಿಲ್ಲ ಅಂದ್ರೆ ಈಗ್ಲೇ ಹೇಳಿ."

ನಾಗಪತಿ ಕೊಡೆ ಬಿಚ್ಚಿದ. "ಭಟ್ಕಳದಲ್ಲಿ ಬಿಡ್ಲಿಲ್ಲ ನೀನು. ಏಳು ತಿಂಗ್ಳು ನಿನ್ನ ಕೈಯಿಂದ ಯಾರಿಗೆ ಎಂತ ಉಪಯೋಗ ಆತು? ನಂಗೆ ಹಗ್ಗಕ್ಕೆ ಕೈ ಬೇಕು, ಕತೆ ಹೇಳೂಕೆ ಬೆರಳಿಲ್ದವ ಒಬ್ಬ ಇದ್ದಾನಲ್ಲ, ಸಾಕು. ಹುಣ್ಣಿಮೆ ಆದ ಮೇಲೆ ಬಲೆ ಇಳ್ಸೂ ದಿನ ಬಾ. ನಾಕನೇ ಜಾಗ." ಇಷ್ಟು ಹೇಳಿ ಮಳೆಯಲ್ಲಿ ಬಸ್ ಸ್ಟ್ಯಾಂಡ್ ಕಡೆಗೆ ನಡೆದ.

ಅಪ್ಪ ಮಗಳು ಒಂದೇ ಸೀಟಿನಲ್ಲಿ ಕೂತು ಊರಿಗೆ ಬಂದರು. ನಾಚಿಕೆ ಇಲ್ಲ ಎಂದು ಬೈದದ್ದನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ.

"ಅಷ್ಟು ಜನ್ರ ಎದುರು ಕೈ ಎತ್ತಿದೆಯಲ್ಲ ಅಪ್ಪಾ."

"ಊರಿಗೆಲ್ಲಾ ಗೊತ್ತಿರೂದೇ ಅಲ್ದಾ" ಎಂದ ಪಾಂಡು, ಕಿಟಕಿಯ ಹೊರಗೆ ನೋಡುತ್ತ. ಕವಿತಾ ಅವನ ಅಂಗೈಯನ್ನು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹಳದೀಪುರ ಬರುವವರೆಗೆ ಹಾಗೇ ಇಟ್ಟುಕೊಂಡಿದ್ದಳು.

ಹುಣ್ಣಿಮೆ ಕಳೆಯಿತು. ತಿಮ್ಮಪ್ಪನ ಕೈಯಿಂದ ಮೊದಲ ಕಾಯಿ ಕಡಲಿಗೆ ಬಿತ್ತು. ಆಮೇಲೆ ಒಂದು ದಿನ ನೀರು ತಿಳಿಯಾಗಿ, ಗಾಳಿ ತಗ್ಗಿ, ಆ ವರ್ಷದ ಮೊದಲ ಬಲೆ ಇಳಿಯಿತು. ದೋಣಿ ಹಗ್ಗದ ತುದಿ ತಂದು ಕೊಟ್ಟಿತು. ಸಾಲು ನಿಂತಿತು. ನಾಲ್ಕನೆಯ ಜಾಗದಲ್ಲಿ ಸೀರೆಯನ್ನು ಮೇಲೆ ಕಟ್ಟಿ ಸೊಂಟಕ್ಕೆ ಟವೆಲ್ ಬಿಗಿದ ಕವಿತಾ. ಹಿಂದಿನವರಲ್ಲಿ ಗುಸುಗುಸು ಇತ್ತು, ಕುಮಟೆಯ ಸುದ್ದಿ ಅವಳಿಗಿಂತ ಮೊದಲೇ ಊರು ತಲುಪಿತ್ತು. ಮೇಲೆ ಎಳೆದಿಟ್ಟ ಹಳೆಯ ದೋಣಿಗೆ ಒರಗಿ, ಪ್ರತಿವರ್ಷದ ಹಾಗೆ, ತಿಮ್ಮಪ್ಪ ಕೂತಿದ್ದ.

"ಏ ಪಾಂಡುವಿನ ಮಗಳೇ!" ಎಂದು ಅಲ್ಲಿಂದಲೇ ಕೂಗಿದ. "ಬಿಡಬೇಡ್ವೇ!"

ಸಾಲಿನಲ್ಲಿ ಕಿಸಕಿಸ ನಗು ಹರಿಯಿತು. ಕವಿತಾ ತಿರುಗಿ ನೋಡಿದಳು. ಅವಳಿಗೂ ನಗು ಬಂತು.

"ಕೈ ಉರಿದ್ರೆ ನಾ ಬಿಡ್ತೆ, ದೊಡ್ಡಪ್ಪಾ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಾಳೆ ಮತ್ತೆ ಬರ್ತೆ."

ಅಷ್ಟರಲ್ಲಿ ಕಡಲು ಎಳೆಯಿತು. ಹಿಮ್ಮಡಿಗಳು ಮರಳಿಗೆ ಇಳಿದವು, ಅವಳ ಎರಡೂ ತೋಳುಗಳು ನೆಟ್ಟಗಾದವು, ಹಗ್ಗ ಒಂದು ಗೇಣು ದಂಡೆಗೆ ಬಂತು, ಮತ್ತೊಂದು ಗೇಣು ಬಂತು. ತಿಮ್ಮಪ್ಪ ಮೂರು ಬೆರಳಿನ ಕೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡು, ಬಲೆ ಹತ್ತಿರ ಬರುವುದನ್ನೇ ನೋಡುತ್ತ ಕೂತಿದ್ದ.